ಬಟ್ಟೆ ಸುತ್ತಿದ ಬಲಗೈ

ಒಂದು ಪೆಟ್ಟಿಗೆಯ ಮಾರಾಟದ ಬೆಲೆ ಎಪ್ಪತ್ತೆರಡು ಸಾವಿರ ರೂಪಾಯಿ. ಅದನ್ನು ತಯಾರಿಸಲು ಕಳೆದ ವರ್ಷ ತಗಲುತ್ತಿದ್ದ ಖರ್ಚು ಮೂವತ್ತೊಂದು ಸಾವಿರ. ಈ ವರ್ಷ ಹನ್ನೆರಡು ಸಾವಿರ. ಅದರ ಕಥೆಯನ್ನು ಜನರಿಗೆ ಮುಟ್ಟಿಸಲು ಕಳೆದ ವರ್ಷ ಒಂದು ಪೈಸೆ ಖರ್ಚಾಗಿರಲಿಲ್ಲ. ಈ ವರ್ಷ ಪೆಟ್ಟಿಗೆಯೊಂದಕ್ಕೆ ಹದಿನೆಂಟು ಸಾವಿರ.

ವಾದಿರಾಜ ಆ ಹಾಳೆಯನ್ನು ನನ್ನ ಮುಂದೆ ತಳ್ಳಿದ. "ನೋಡಿ ಪಂಕಜಾ ಮೇಡಂ, ಏನೂ ಮುಚ್ಚಿಟ್ಟಿಲ್ಲ."

ಮುಚ್ಚಿಟ್ಟಿರಲಿಲ್ಲ, ನಿಜ. ಪೆಟ್ಟಿಗೆಗಿಂತ ಕಥೆಗೆ ಹೆಚ್ಚು ಖರ್ಚು ಮಾಡುವ ಕಂಪನಿ ಎಂದು ಅದರಲ್ಲೇ ಬರೆದಿತ್ತು.

ಪೆಟ್ಟಿಗೆಯ ಹೆಸರು 'ಕೈಗಾವಲು'. ತಗಡು ಒತ್ತುವ ಪ್ರೆಸ್ ಯಂತ್ರದ ಮುಂದೆ ಅದನ್ನು ಕೂರಿಸುತ್ತಾರೆ. ಅದರಿಂದ ಕಣ್ಣಿಗೆ ಕಾಣದ ಬೆಳಕಿನ ಪರದೆಯೊಂದು ಬೀಳುತ್ತದೆ. ಕೆಲಸಗಾರನ ಕೈ ಆ ಪರದೆ ದಾಟಿದ ಕ್ಷಣ ಯಂತ್ರ ನಿಲ್ಲಬೇಕು. ಪೀಣ್ಯ ಕೈಗಾರಿಕಾ ಪ್ರದೇಶದ ಪ್ರೆಸ್ ಶೆಡ್ಡುಗಳಲ್ಲಿ ಕೂತು ಕೆಲಸ ಮಾಡುವವರಿಗೆ ಇದಕ್ಕಿಂತ ದೊಡ್ಡ ದೇವರಿಲ್ಲ.

ವೈಟ್‌ಫೀಲ್ಡಿನ ದೊಡ್ಡ ಕಂಪನಿಯೊಂದು ವಾದಿರಾಜನ ಕಂಪನಿಯನ್ನು ಅರವತ್ತನಾಲ್ಕು ಕೋಟಿಗೆ ಕೊಳ್ಳಲು ಹೊರಟಿತ್ತು. ಅವರು ನನಗೆ ಕೊಟ್ಟ ಕೆಲಸ ಒಂದೇ: ಜಾಹೀರಾತಿನಲ್ಲಿ ಬರುವ, ಪ್ರೆಸ್ಸಿಗೆ ಬೆರಳು ಕಳೆದುಕೊಂಡ ಸೋಮಪ್ಪನ ಕಥೆ ನಿಜವೇ, ನೋಡಿ ಹೇಳಿ. ವರದಿ ಆ ಮಂಗಳವಾರ ಸಂಜೆ ಆರರೊಳಗೆ ಹೋಗಬೇಕಿತ್ತು.

ಹಿಂದಿನ ದಿನವೇ ನಾನು ಲಗ್ಗೆರೆಗೆ ಹೋಗಿ ಸೋಮಪ್ಪನನ್ನು ನೋಡಿ ಬಂದಿದ್ದೆ. ಬಲಗೈಯ ನಾಲ್ಕು ಬೆರಳು ಇರಲಿಲ್ಲ. ಏಳು ತಿಂಗಳಾದರೂ ಬ್ಯಾಂಡೇಜ್ ಯಾಕೆ ಎಂದು ಕೇಳಿದ್ದಕ್ಕೆ, ಕೀವಾಗಿ ಮತ್ತೆ ಆಪರೇಷನ್ ಆಯಿತು ಎಂದಿದ್ದ. 'ಕಥೆ ನಿಜ' ಎಂದು ಬರೆದು ಸಹಿ ಹಾಕುವುದಷ್ಟೇ ಬಾಕಿ. ಆದರೂ ಹೂಡಿಯಲ್ಲಿರುವ ವಾದಿರಾಜನ ಈ ಆಫೀಸಿಗೆ ಬಂದೆ; ಬೆರಳಿಲ್ಲದ ಕೈ ನೋಡಿದೆನೆಂದು ಬಂದ ಕೂಡಲೇ ಹೇಳಿಯೂ ಇದ್ದೆ. ಸಹಿ ಹಾಕುವ ಮೊದಲು ಇನ್ನೊಂದು ಸಲ ಅಳತೆ ನೋಡುವುದು ನನ್ನ ಹಳೇ ಚಾಳಿ. ಸರ್ಕಾರಿ ಕಾರ್ಖಾನೆಯ ಇನ್‌ಸ್ಪೆಕ್ಷನ್ ಸೆಕ್ಷನ್ನಿನಲ್ಲಿ ಇಪ್ಪತ್ತೇಳು ವರ್ಷ ತಿಂದ ಅನ್ನದ ಋಣ.

"ಮೊದಮೊದಲು ನಾನು ಲೆಕ್ಕ ತೋರಿಸಿ ಮಾರೋಕೆ ಹೋದೆ ಮೇಡಂ," ಎಂದ ವಾದಿರಾಜ. "ಚಾರ್ಟು, ಗ್ರಾಫು, ಕಾನೂನಿನ ಸೆಕ್ಷನ್ನು. ಶೆಡ್ ಮಾಲೀಕರು ಟೀ ಕುಡಿಸಿ ಕಳಿಸಿದ್ರು. ಆರು ತಿಂಗಳಲ್ಲಿ ನಲವತ್ತು ಪೀಸ್. ಆಮೇಲೆ ಸೋಮಪ್ಪನ ಕಥೆ ಬಿಟ್ವಿ. ಮಾಲೀಕರು ಅದನ್ನ ಮನೇಲಿ ಫೋನಲ್ಲಿ ನೋಡಿದ್ರು, ಪಕ್ಕದಲ್ಲಿ ಹೆಂಡ್ತಿ ಕೂತಿದ್ರು. ಮಾರನೇ ದಿನ ಹೆಂಡ್ತೀರೇ ಚೆಕ್ ಬರೆಸಿದ್ರು. ಸಾವಿರದ ಒಂಬೈನೂರು ಪೀಸ್!"

"ಹೆಂಗಸರ ಕಣ್ಣೀರಿಗೆ ಏನಾದ್ರೂ ಡಿಸ್ಕೌಂಟ್ ಕೊಟ್ರಾ?"

ವಾದಿರಾಜ ಜೋರಾಗಿ ನಕ್ಕ. ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದ ಸಮೀಕ್ಷಾ ನಗಲಿಲ್ಲ. ಕಥೆ ಬರೆದವಳು ಆ ಹುಡುಗಿಯೇ.

"ಹಾಕಮ್ಮಾ, ಇನ್ನೊಂದ್ಸಲ ನೋಡೋಣ," ಎಂದೆ.

ಗೋಡೆಯ ತುಂಬ ಸೋಮಪ್ಪನ ಮುಖ ಮೂಡಿತು. ಹಳೇ ಶರ್ಟು, ಸಣ್ಣ ಮೀಸೆ. ಮೇಜಿನ ಮೇಲೆ ಬಟ್ಟೆ ಸುತ್ತಿದ ಬಲಗೈ. ಅದರ ಪಕ್ಕದಲ್ಲಿ ಒಂದು ಸ್ಪ್ಯಾನರ್.

"ನನ್ನ ಹೆಂಡ್ತಿ ಗಾರ್ಮೆಂಟ್ಸಿಗೆ ಬೆಳಿಗ್ಗೆ ಬೇಗ ಹೋಗ್ತಾಳೆ. ಮಗಳಿಗೆ ಜಡೆ ಹಾಕೋದು ನಾನೇ. ಮೂರು ಎಳೆ, ಎರಡು ಜಡೆ, ಕೆಂಪು ರಿಬ್ಬನ್ನು. ಈಗ ಅವಳು ಕೂದಲು ಬಿಟ್ಕೊಂಡು ಬಂದು ನನ್ನ ಮುಂದೆ ಕೂರ್ತಾಳೆ. ಒಂದ್ನಿಮಿಷ ಕೂತು, ನೆನಪಾಗಿ ಎದ್ದು ಹೋಗ್ತಾಳೆ."

ಅಷ್ಟೇ. ಯಂತ್ರವಿಲ್ಲ, ರಕ್ತವಿಲ್ಲ. ಹಿಂದಿನ ನಾಲ್ಕು ಸಲವೂ ನಾನು ಮುಖವನ್ನೇ ನೋಡಿದ್ದೆ. ಅದಕ್ಕೇ ಈ ಸಲ ಮುಖ ನೋಡಲಿಲ್ಲ. ಕೈ ನೋಡಿದೆ.

"ಅಲ್ಲೇ ನಿಲ್ಲಿಸು."

ಸ್ಪ್ಯಾನರ್ ನನಗೆ ಗೊತ್ತಿರುವ ಸೈಜು. ಹತ್ತು ಇಂಚಿಗೆ ಕೊಂಚ ಕಡಿಮೆ. ಅದರ ಪಕ್ಕ ಮಲಗಿದ್ದ ಬಟ್ಟೆಯ ಗಂಟು ಮಣಿಕಟ್ಟಿನಿಂದ ತುದಿಯವರೆಗೆ ಅದರ ಮುಕ್ಕಾಲು ಪಾಲಿತ್ತು. ಅಂದರೆ ಏಳು ಇಂಚು.

ಬೆರಳಿರುವ ಗಂಡಸಿನ ಕೈ ಏಳು ಇಂಚು. ಬೆರಳಿಲ್ಲದ ಕೈ ನಾಲ್ಕು. ಹಿಂದಿನ ದಿನ ಲಗ್ಗೆರೆಯಲ್ಲಿ ನಾನು ನೋಡಿದ ಗಂಟು ಅಂಗೈ ಮುಗಿದಲ್ಲೇ ಮುಗಿದಿತ್ತು.

"ಏನಾಯ್ತು ಮೇಡಂ?" ಎಂದ ವಾದಿರಾಜ.

"ಏನಿಲ್ಲ. ಕಣ್ಣಿಗೆ ಕನ್ನಡಕ ಬದಲಾಯಿಸೋ ಕಾಲ ಬಂತು," ಎಂದು ಚೀಲ ಎತ್ತಿಕೊಂಡೆ.

ಲಿಫ್ಟಿನವರೆಗೆ ಬಿಡಲು ಸಮೀಕ್ಷಾ ಬಂದಳು. ಬಾಗಿಲು ಮುಚ್ಚುವ ಮೊದಲು ತಾನೂ ಒಳಗೆ ನುಗ್ಗಿದಳು.

"ನೀವು ಅಳೆದ್ರಿ ಅಲ್ವಾ?"

ನಾನು ಕೆಳಗಿನ ಮಹಡಿಯ ಗುಂಡಿ ಒತ್ತಿದೆ.

"ಶೂಟಿಂಗ್ ಮುಗಿದ ಮೇಲೆ ಊಟಕ್ಕೆ ಮುದ್ದೆ ತರಿಸಿದ್ವಿ ಮೇಡಂ. ಅವರು ಬಟ್ಟೆ ಬಿಚ್ಚಿ, ಆ ಕೈಯಲ್ಲೇ ಮುದ್ದೆ ಮುರಿದು ತಿಂದ್ರು. ಐದೂ ಬೆರಳಿತ್ತು. ಕಥೇಲಿ ಜಡೆ ಮಾತ್ರ ನಿಜ. ಅದು ಅವರೇ ಹೇಳಿದ್ದು. ಉಳಿದಿದ್ದು ನಾನು ಬರೆದೆ. ಈಗ ನೀವು ಹೋಗಿ ನೋಡಿದ್ರೆ ಬೆರಳಿಲ್ಲ ಅಂತೀರಿ. ಅದು ಹೇಗೆ ಮೇಡಂ? ನಾನು ಬರೆದಿದ್ದು ಹೇಗಾಯ್ತು?"

ಲಿಫ್ಟು ಕೆಳಗೆ ಬಂದು ನಿಂತಿತು. ನಾನು ಹೊರಬಿದ್ದು ಮೆಟ್ರೋ ಕಡೆ ನಡೆದೆ.

ಮೆಟ್ರೋದಲ್ಲಿ ಕೂತಾಗ ಉತ್ತರ ತಾನಾಗಿ ಬಂದು ಎದುರಿನ ಸೀಟಿನಲ್ಲಿ ಕೂತಂತಾಯಿತು.

ಕಳೆದ ಬುಧವಾರ ನಾನೇ ವಾದಿರಾಜನ ಆಫೀಸಿಗೆ ಫೋನ್ ಮಾಡಿದ್ದೆ. 'ಸೋಮವಾರ ಸೋಮಪ್ಪನ ಮನೆಗೆ ಹೋಗಿ ಕೈ ನೋಡ್ತೀನಿ' ಎಂದಿದ್ದೆ. ಬೆರಳಿದ್ದರೆ ಅರವತ್ತನಾಲ್ಕು ಕೋಟಿ ಹೋಗುತ್ತದೆ. ಬೆರಳು ಹೋದರೆ ಕೋಟಿ ಉಳಿಯುತ್ತದೆ. ಅವರ ಕೈಗೆ ನಾನು ನಾಲ್ಕು ದಿನದ ಸಮಯ ಕೊಟ್ಟಿದ್ದೆ.

ಹೂಡಿಯಿಂದ ಮೆಜೆಸ್ಟಿಕ್ಕಿಗೆ, ಅಲ್ಲಿಂದ ಗೊರಗುಂಟೆಪಾಳ್ಯಕ್ಕೆ. ಅಷ್ಟು ದೂರವೂ ಆ ನಾಲ್ಕು ದಿನದ ಲೆಕ್ಕವನ್ನೇ ಹಾಕುತ್ತಿದ್ದೆ.

ಲಗ್ಗೆರೆಯಲ್ಲಿ ಸೋಮಪ್ಪ ಇರುವುದು ಎರಡನೇ ಮಹಡಿಯ ಶೀಟಿನ ಮನೆಯಲ್ಲಿ. ಕೆಳಗೆ ಮನೆ ಒಡತಿ ಚಿಕ್ಕಮುನಿಯಮ್ಮ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಒಂದು ಕಾಲಕ್ಕೆ ಅಲ್ಲೆಲ್ಲ ಅವಳ ಗಂಡನ ಹೊಲವಂತೆ. ಈಗ ಹನ್ನೊಂದು ಮನೆ ಬಾಡಿಗೆಗೆ ಬಿಟ್ಟಿದ್ದಾಳೆ.

"ನಿನ್ನೇನೂ ಬಂದಿದ್ರಲ್ಲವ್ವ. ಚಪ್ಪಲಿ ಇಲ್ಲೇ ಬುಡಿ."

ಚಪ್ಪಲಿ ಬಿಟ್ಟು ಅವಳ ಪಕ್ಕ ಕೂತು ಒಂದು ಹಿಡಿ ಅವರೆಕಾಯಿ ತೆಗೆದುಕೊಂಡೆ. ಕೈಗೆ ಕೆಲಸವಿದ್ದರೆ ಮಾತು ಸಲೀಸು.

"ಪಾಪ, ಸೋಮಪ್ಪನ ಕೈ ಹೋಗಿ ಏಳು ತಿಂಗಳಾಯ್ತಂತೆ," ಎಂದೆ.

"ಏಳ್ ತಿಂಗ್ಳಾ? ಯಾರ್ ಯೋಳಿದ್ದು?" ಚಿಕ್ಕಮುನಿಯಮ್ಮ ಕಾಯಿ ಸುಲಿಯುವುದನ್ನು ನಿಲ್ಲಿಸಿದಳು. "ಅದೇನ್ ಕಂಪ್ನಿನೋ ಕಾಣೆ. ಬೆಳಿಗ್ಗೆ ಬಟ್ಟೆ ಸುತ್ಕಂಡು ಓಗೋನು, ಸಾಯಂಕಾಲ ಬಂದು ಬಿಚ್ಚಾಕೋನು. ಅದೇ ಅವನ ಯೂನಿಫಾರಂ ಅನ್ಕಂಡಿದ್ದೆ ನಾನು. ಈ ಗುರುವಾರ ಬೆಳಿಗ್ಗೆ ನನ್ ಗ್ಯಾಸ್ ಸಿಲಿಂಡ್ರು ಎರಡ್ ಕೈಲೂ ಎತ್ಕಂಡು ಒಳಗಿಟ್ಟು ಓದ. ಸಾಯಂಕಾಲ ಯಾರೋ ಆಸ್ಪತ್ರೆಯಿಂದ ಕಾರಲ್ಲಿ ತಂದು ಬುಟ್ರು. ಬಟ್ಟೆ ಎಲ್ಲಾ ಕೆಂಪಗಿತ್ತು ಕಣವ್ವ."

ಗುರುವಾರ. ನಾನು ಫೋನ್ ಮಾಡಿದ ಮಾರನೇ ದಿನ.

ಮೇಲೆ ಬಾಗಿಲು ತೆರೆದೇ ಇತ್ತು. ಸೋಮಪ್ಪ ಗೋಡೆಗೆ ಒರಗಿ ಚಾಪೆಯ ಮೇಲೆ ಕೂತಿದ್ದ. ಕೈಯನ್ನು ದಿಂಬಿನ ಮೇಲೆ ಇಟ್ಟುಕೊಂಡಿದ್ದ. ಹೆಂಡತಿ ಮಾಲಾ ರಜೆ ಹಾಕಿ ಮನೆಯಲ್ಲೇ ಇದ್ದಳು.

"ಮತ್ತೆ ಬಂದ್ರಾ ಮೇಡಂ?"

"ಒಂದು ಕೇಳೋದು ಮರೆತಿದ್ದೆ ಸೋಮಪ್ಪ. ಬೆರಳು ಹೋಗಿದ್ದು ಯಾವಾಗ?"

"ಫೆಬ್ರವರೀಲಿ. ನಿನ್ನೇನೇ ಹೇಳಿದ್ನಲ್ಲ."

"ಹೇಗಾಯ್ತು?"

ಅವನು ನೆಟ್ಟಗೆ ಕೂತ. ದನಿಯೇ ಬೇರೆಯಾಯಿತು. "ಅವತ್ತು ಬೆಳಿಗ್ಗೆ ಮಗಳಿಗೆ ಜಡೆ ಹಾಕಿ, ರಿಬ್ಬನ್ನಿನ ಗಂಟು ಸರಿ ಮಾಡಿ, ಕೆಲಸಕ್ಕೆ ಹೊರಟೆ..."

"ಅದು ಜಾಹೀರಾತಿನ ಮಾತು. ನಿಮ್ಮ ಮಾತು ಹೇಳಿ."

"ಇದೇ ನನ್ನ ಮಾತು."

"ಮತ್ತೆ ಈ ಗುರುವಾರ ಕೆಳಗಿನ ಅಜ್ಜಿಯ ಸಿಲಿಂಡರ್ ಎತ್ತಿದ ಕೈ ಯಾರದು?"

ಮಾಲಾ ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟಳು.

ನಾನು ದನಿ ತಗ್ಗಿಸಿದೆ. "ಹೆದರಬೇಡಿ. ಯಾರು ಕತ್ತರಿಸಿದ್ರು? ವಾದಿರಾಜ ಜನ ಕಳಿಸಿದ್ನಾ?"

ಸೋಮಪ್ಪ ನನ್ನನ್ನೇ ನೋಡಿದ. ಆಮೇಲೆ ನಕ್ಕ. ಅಂಥ ನಗುವನ್ನು ನಾನು ಇದುವರೆಗೆ ಕೇಳಿಲ್ಲ. ಅದಕ್ಕಿಂತ ಅಳು ವಾಸಿ.

"ಕತ್ತರಿಸೋದಾ? ಹಂಗಾಗಿದ್ರೆ ಸ್ಟೇಷನ್ನಿಗೆ ಹೋಗ್ತಿದ್ದೆ ಮೇಡಂ. ಯಾರೂ ಕತ್ತರಿಸಲಿಲ್ಲ. ನಾನೇ ಇಟ್ಟೆ."

"ರೀ, ಬಾಯಿ ಮುಚ್ಕೊಂಡಿರಿ!" ಮಾಲಾ ನಡುವೆ ಬಂದು ನಿಂತಳು. "ಮೇಡಂ, ನೀವು ಇವತ್ತು ಸಹಿ ಹಾಕಿದ್ರೆ ನಾಳೆ ನಮಗೆ ಹನ್ನೆರಡು ಲಕ್ಷ ಕೊಡ್ತಾರೆ. ಹಾಕ್ಲಿಲ್ಲ ಅಂದ್ರೆ ಒಂದು ರೂಪಾಯಿ ಇಲ್ಲ, ಮೋಸದ ಕೇಸು ಬೇರೆ. ಆ ಕೈ ನೋಡಿ. ನೋಡ್ಬಿಟ್ಟು ಆಮೇಲೆ ನಿಜ ಸುಳ್ಳು ಮಾತಾಡಿ."

ಅವಳ ಮಾತು ಸರಿಯಿತ್ತು. ಬಾಡಿಗೆ ಮನೆಯಲ್ಲಿ ಕೂತವರಿಗೆ ನಿಜದ ಬುದ್ಧಿ ಹೇಳುವುದು ಸುಲಭ, ಗ್ಯಾಸ್ ತುಂಬಿಸಿಕೊಡುವುದು ಕಷ್ಟ.

"ಮಾಲಾ, ಕೂತ್ಕೋ," ಎಂದೆ. "ಫೆಬ್ರವರಿ ಅಂತ ಯಾರು ಹೇಳಿಕೊಟ್ರು?"

"ವಾದಿರಾಜ ಸಾರೇ."

"ಯಾಕೆ ಅಂತ ಕೇಳಿದ್ಯಾ? ಫೆಬ್ರವರೀಲಿ ಇವರು ಯಾವುದೋ ಶೆಡ್ಡಲ್ಲಿದ್ರು. ಆಗ ಕೈ ಹೋದ್ರೆ ಅದು ಆ ಶೆಡ್ಡಿನ ಕರ್ಮ. ಗುರುವಾರ ಇವರು ಯಾರ ಕೆಲಸದ ಮೇಲಿದ್ರು?"

ಮಾಲಾಳ ಕಣ್ಣು ನಿಧಾನವಾಗಿ ಗಂಡನ ಕಡೆ ತಿರುಗಿತು.

"ವಾದಿರಾಜನ ಕೆಲಸದ ಮೇಲಿದ್ರು. ಕೆಲಸದಲ್ಲಿ ಕೈ ಹೋದವನಿಗೆ ಪರಿಹಾರ ಕೊಡೋದು ಕಂಪನಿ ಹಣೇಲಿ ಬರೆದಿದೆ. ಅದನ್ನ ಕೇಳಿ ಇಸ್ಕೋಬಹುದು. ಲೇಬರ್ ಕೋರ್ಟಿಗೆ ನಿನ್ನ ಜೊತೆ ನಾನು ಬರ್ತೀನಿ. ಆದರೆ ಒಂದ್ಸಲ ಫೆಬ್ರವರಿ ಅಂತ ಸಹಿಯಾದ್ರೆ ನಾಳೆ ಅವನು ಹನ್ನೆರಡು ಲಕ್ಷ ಯಾಕೆ ಕೊಡ್ತಾನೆ? ಯಾರಿಗೆ ಹೆದರಿ?"

ಹಿಂದಿನ ಬೀದಿಯ ಶೆಡ್ಡಿನಲ್ಲಿ ಪ್ರೆಸ್ಸು ಬೀಳುವ ಸದ್ದು. ಧಡ್. ಧಡ್. ಧಡ್.

"ಹೇಳಿ," ಎಂದಳು ಮಾಲಾ, ಗಂಡನಿಗೆ.

ಸೋಮಪ್ಪ ಹೇಳಿದ. ಈ ಸಲ ದನಿ ಬದಲಾಗಲಿಲ್ಲ.

"ಜಾಹೀರಾತು ಚೆನ್ನಾಗಿ ಓಡ್ತು ಮೇಡಂ. ಆಮೇಲೆ ಪ್ರೆಸ್ ಕೆಲಸಕ್ಕೆ ನನ್ನ ಯಾರೂ ಸೇರಿಸ್ಕೊಳ್ಳೋ ಹಂಗಿರ್ಲಿಲ್ಲ. ಪೀಣ್ಯದವರ ಕಣ್ಣಲ್ಲಿ ನನಗೆ ಬೆರಳಿಲ್ಲ. ಅದಕ್ಕೆ ಸಾರ್ ತಮ್ಮಲ್ಲೇ ಕೆಲಸ ಕೊಟ್ರು. ಕಥೆ ಹೇಳೋ ಕೆಲಸ. ದಿನಕ್ಕೆ ಎರಡು ಮೂರು ಶೆಡ್ಡು. ಕೈಗೆ ಬಟ್ಟೆ ಸುತ್ಕೊಂಡು ಹೋಗೋದು, ಕಥೆ ಹೇಳೋದು. ಆಮೇಲೆ ನಮ್ಮ ಪೆಟ್ಟಿಗೆನ ಅವರ ಮೆಷಿನ್ನಿಗೆ ಕೂರಿಸಿ, ಎಡಗೈಲಿ ಒಂದು ನುಗ್ಗೆಕಾಯಿ ಒಳಗಿಡೋದು. ಮೆಷಿನ್ ಗಕ್ ಅಂತ ನಿಲ್ತಿತ್ತು. ನುಗ್ಗೆಕಾಯಿಗೆ ಒಂದು ಗೆರೆ ಬೀಳ್ತಿರ್ಲಿಲ್ಲ. ಜನ ಚಪ್ಪಾಳೆ ತಟ್ಟೋರು."

"ಎಷ್ಟು ದಿನ?"

"ಐದು ತಿಂಗಳು. ಹೇಳಿ ಹೇಳಿ ನನಗೇ ನಂಬಿಕೆ ಬಂದ್ಬಿಡ್ತು. ಬೆಳಿಗ್ಗೆ ಜಡೆ ಹಾಕ್ತಾ ಇದ್ರೆ, ಈ ಬೆರಳನ್ನ ಪೆಟ್ಟಿಗೇನೇ ಉಳಿಸಿಕೊಟ್ಟಿದ್ದು ಅನ್ಸೋದು. ನಾನೇ ಹೇಳಿದ ಸುಳ್ಳು ಅಂತ ನೆನಪೇ ಆಗ್ತಿರ್ಲಿಲ್ಲ."

ಅವನು ಎಡಗೈಯಿಂದ ನೀರಿನ ಲೋಟ ಎತ್ತಲು ಹೋಗಿ ಚೆಲ್ಲಿದ. ಮಾಲಾ ಲೋಟ ಹಿಡಿದು ಕುಡಿಸಿದಳು.

"ಗುರುವಾರ ವೆಂಕಟೇಶಪ್ಪನ ಶೆಡ್ಡು. ಪೀಣ್ಯ ಎರಡನೇ ಸ್ಟೇಜಲ್ಲಿ. ಅವರು ಆಗಲೇ ಪೆಟ್ಟಿಗೆ ತಗೊಂಡು ಮೆಷಿನ್ನಿಗೆ ಹಾಕಿಸಿದ್ರು. ಅಕ್ಕಪಕ್ಕದ ಮಾಲೀಕರನ್ನ ಕರೆದು ತೋರಿಸೋಣ ಅಂತ ನನ್ನ ಕರೆಸಿದ್ರು. ಏಳೆಂಟು ಜನ ಇದ್ರು. ಕಥೆ ಹೇಳಿದೆ. ಒಬ್ಬರು ಕಣ್ಣೊರೆಸ್ಕೊಂಡ್ರು. ನುಗ್ಗೆಕಾಯಿ ತೆಗೆದೆ. ವೆಂಕಟೇಶಪ್ಪ ನಕ್ಕರು. 'ಏ ಸೋಮಪ್ಪ, ನುಗ್ಗೇಕಾಯ್ನ ಸಾರಿಗಾಕ್ಕೋ. ನಿನ್ ಕೈನೇ ಮಡಗು. ಎಂಗಿದ್ರೂ ಅದ್ರಾಗೇನೂ ಇಲ್ವಲ್ಲ' ಅಂದ್ರು. ಎಲ್ರೂ ನಕ್ಕರು. ನಾನೂ ನಕ್ಕೆ."

"ಇಟ್ರಾ?"

"ಇಟ್ಟೆ. ಪೆಟ್ಟಿಗೆ ಇದೆಯಲ್ಲ ಮೇಡಂ, ಏನಾಗುತ್ತೆ? ಅಲ್ಲಿದ್ದ ಆಪರೇಟರ್ ಪೆಡಲ್ ತುಳಿದ. ಅವನಿಗೂ ಭಯ ಇರ್ಲಿಲ್ಲ. ಅವನ ಲೆಕ್ಕದಲ್ಲಿ ಅದು ಬರೀ ಬಟ್ಟೆ."

ಮಾಲಾ ಮುಖ ತಿರುಗಿಸಿದಳು.

"ಮೆಷಿನ್ ಕೆಳಗೆ ಬಂತು. ನಾನು ಕಿರುಚಿದೆ. ಅವರು ಚಪ್ಪಾಳೆ ತಟ್ಟಿದ್ರು."

"ಚಪ್ಪಾಳೆ?"

"ನಾಟಕ ಅನ್ಕೊಂಡ್ರು ಮೇಡಂ. ಬಟ್ಟೆ ಕೆಂಪಾಗಿ ನೆಲಕ್ಕೆ ತೊಟ್ಟಿಕ್ಕೋ ತನಕ ಯಾರೂ ಹತ್ತಿರ ಬರ್ಲಿಲ್ಲ."

ನಾನು ಕಣ್ಣು ಮುಚ್ಚಿದೆ. ಇಡೀ ದಾರಿ ನಾನು ಕಟ್ಟಿಕೊಂಡು ಬಂದ ಕಥೆ, ಕೋಟಿಗಾಗಿ ಕೈ ಕತ್ತರಿಸಿದ ಕಟುಕರ ಕಥೆ, ಅಲ್ಲೇ ಬಿದ್ದುಹೋಯಿತು. ಚೆನ್ನಾಗಿ ಹೊಂದುವ ಕಥೆ ಸಿಕ್ಕಿದರೆ ಮನುಷ್ಯ ಹುಡುಕುವುದನ್ನು ನಿಲ್ಲಿಸುತ್ತಾನೆ. ನಾನೂ ನಿಲ್ಲಿಸಿದ್ದೆ.

ಕಣ್ಣು ತೆರೆದಾಗ ಇನ್‌ಸ್ಪೆಕ್ಷನ್ ಸೆಕ್ಷನ್ನಿನ ಬುದ್ಧಿ ಎಚ್ಚೆತ್ತಿತ್ತು.

"ಸೋಮಪ್ಪ, ಐದು ತಿಂಗಳು ನಿಂತ ಮೆಷಿನ್ ಅವತ್ತು ಯಾಕೆ ನಿಲ್ಲಲಿಲ್ಲ? ಪೆಟ್ಟಿಗೆ ಆಫ್ ಆಗಿತ್ತಾ?"

"ಸಾರೂ ಹಂಗೇ ಅಂದ್ರು. ಯಾರೋ ಆಫ್ ಮಾಡಿರ್ಬೇಕು ಅಂದ್ರು." ಅವನು ತಲೆ ಅಲ್ಲಾಡಿಸಿದ. "ಆಫ್ ಆಗಿರ್ಲಿಲ್ಲ ಮೇಡಂ. ಕೈ ಇಡೋಕೆ ಮೊದಲು ನಾನು ನೋಡಿದೀನಿ. ಹಸಿರು ದೀಪ ಉರೀತಿತ್ತು."

"ಬೇರೆ ಶೆಡ್ಡುಗಳಲ್ಲಿ ನುಗ್ಗೆಕಾಯಿ ಇಡ್ತಿದ್ರಲ್ಲ, ಅವೆಲ್ಲ ಮಾರಿದ ಪೆಟ್ಟಿಗೇನಾ?"

"ಅಲ್ಲ. ನಮ್ಮ ಜೊತೆ ಒಯ್ಯೋ ಪೆಟ್ಟಿಗೆ. ಮೊದಲನೇ ದಿನದಿಂದ ಅದೊಂದೇ, ಹೋದ ವರ್ಷ ಮಾಡಿದ್ದು."

"ಮಾರಿದ ಪೆಟ್ಟಿಗೆ ಮುಂದೆ ಯಾವತ್ತಾದ್ರೂ ಏನಾದ್ರೂ ಇಟ್ಟು ನೋಡಿದ್ರಾ?"

ಸೋಮಪ್ಪ ತನ್ನ ಕೈ ನೋಡಿಕೊಂಡ. "ಅವತ್ತೇ ಮೊದಲು," ಎಂದ.

ಹಿಂದಿನ ಬೀದಿಯಲ್ಲಿ ಪ್ರೆಸ್ಸು ಬೀಳುತ್ತಲೇ ಇತ್ತು. ತೋರಿಸಲು ಒಯ್ಯುತ್ತಿದ್ದದ್ದು ಮೂವತ್ತೊಂದು ಸಾವಿರ ಖರ್ಚಿನ ಪೆಟ್ಟಿಗೆ; ಮಾರುತ್ತಿದ್ದದ್ದು ಹನ್ನೆರಡು ಸಾವಿರದ್ದು, ಅಂಥವು ಸಾವಿರದ ಒಂಬೈನೂರು. ಒಂದೊಂದರ ಮುಂದೆಯೂ ಹಸಿರು ದೀಪ ನೋಡಿಕೊಂಡು, ಭಯ ಬಿಟ್ಟು, ಒಬ್ಬೊಬ್ಬ ಕೈ ಹಾಕುತ್ತಿದ್ದ. ಕಥೆ ಕೇಳುವ ಮೊದಲು ಅವರಿಗೆಲ್ಲ ಕೊನೇಪಕ್ಷ ಹೆದರಿಕೆಯಾದರೂ ಇತ್ತು. ಹೆದರಿಕೆಯೇ ಅವರ ಬೆರಳು ಕಾಯುತ್ತಿತ್ತು.

"ವೆಂಕಟೇಶಪ್ಪನ ಆ ಮೆಷಿನ್ ನಿಲ್ಲಿಸಿದಾರೆ ತಾನೆ?"

ಉತ್ತರ ಬಂದದ್ದು ಮಾಲಾಳಿಂದ.

"ಪೆಡಲ್ ತುಳಿದವನು ಹೆದರಿ ಊರಿಗೆ ಓಡಿಹೋದ. ಆ ಜಾಗ ಖಾಲಿ ಇತ್ತು. ವಾದಿರಾಜ ಸಾರ್ ನಮ್ಮ ಬಾಯಿ ಮುಚ್ಚಿಸೋಕೆ... ನನ್ನ ತಮ್ಮನಿಗೆ ಕೆಲಸ ಇರ್ಲಿಲ್ಲ ಮೇಡಂ. ಮನು ಅಂತ. ಸಾರೇ ಮಾತಾಡಿ ಅಲ್ಲಿ ಸೇರಿಸಿದ್ರು. ನಿನ್ನೆಯಿಂದ ಹೋಗ್ತಿದಾನೆ."

"ಯಾವ ಮೆಷಿನ್ ಮೇಲೆ?"

"ಅದರ ಮೇಲೇ."

"ಗುರುವಾರದ ವಿಷಯ ಅವನಿಗೆ ಗೊತ್ತಾ?"

"ಆಫ್ ಆಗಿತ್ತಂತೆ ಅಂತ ಹೇಳಿದೀವಿ. ದೀಪ ನೋಡ್ಕೊಂಡು ಕೆಲಸ ಮಾಡು, ಹಸಿರಿದ್ರೆ ಏನೂ ಆಗಲ್ಲ ಅಂತ ನಾನೇ..." ಮಾತು ಅಲ್ಲಿಗೇ ಕಡಿಯಿತು. ಅವಳು ಫೋನಿಗೆ ಕೈ ಹಾಕಿದಳು.

ರಿಂಗ್ ಆಯಿತು. ಆಗುತ್ತಲೇ ಇತ್ತು. ನಿಂತಿತು. ಮತ್ತೆ 'ಮನು' ಎಂಬ ಹೆಸರನ್ನು ಒತ್ತಿದಳು.

"ವೆಂಕಟೇಶಪ್ಪನ ನಂಬರ್ ನನ್ನ ಹತ್ರ ಇಲ್ಲ. ಡ್ಯೂಟಿ ಹೊತ್ತಲ್ಲಿ ಫೋನ್ ಇಸ್ಕೊಂಡು ಇಟ್ಕೊಳ್ತಾರೆ," ಎಂದ ಸೋಮಪ್ಪ, ಗೋಡೆ ಹಿಡಿದು ಏಳುತ್ತ. "ಅದಕ್ಕೇ ಎತ್ತಿಲ್ಲ. ಅದಕ್ಕೇ ಇರ್ಬೇಕು."

ನಾನು ಮೆಟ್ಟಿಲಿಳಿದು, ಚಪ್ಪಲಿಯನ್ನೂ ಹಾಕಿಕೊಳ್ಳದೆ ಬೀದಿಗೆ ಬಂದು ಆಟೋ ನಿಲ್ಲಿಸಿದೆ. ಹಿಂದೆಯೇ ಮಾಲಾ, ಕಿವಿಯಲ್ಲಿ ಫೋನು. ಎರಡನೇ ಸ್ಟೇಜ್ ಎಂದಾಗ ಆಟೋದವನು, "ಸಿಕ್ಕಾಪಟ್ಟೆ ಜಾಮ್ ಅಕ್ಕಾ, ಅರ್ಧ ಗಂಟೆ ಆಗುತ್ತೆ," ಎಂದ.

ಆಗ ಗಂಟೆ ಮೂರೂಕಾಲು. ವಾದಿರಾಜನಿಗೆ ನಿಜವಾದ ಕಥೆಯೊಂದು ಸಿಕ್ಕಿ ಐದು ದಿನವಾಗಿತ್ತು. ಸೋಮಪ್ಪನಿಗೆ ನಾಲ್ಕು ಬೆರಳು ಹೋಗಿದ್ದವು. ಮನು ಇನ್ನೂ ಫೋನ್ ಎತ್ತಿರಲಿಲ್ಲ.